ಮಂಜೊಟ್ಟಿಯ ಹನ್ನೆರಡು ಬಗೆ

ನಾನು ಚಿಕ್ಕವನಿದ್ದಾಗ ವಾಮದಪದವಿನ ನಮ್ಮ ಮನೆಯಲ್ಲಿ ಮಳೆಗಾಲದ ಆಟಿ ತಿಂಗಳು ಬಂದರೆ ಅಟ್ಟದಿಂದ ಗುಳಿಗಳಲ್ಲಿ ಬೀಜ ಹಾಕಿ ಆಡುವ ಚೆನ್ನೆಮಣೆ ಇಳಿಯುತ್ತಿತ್ತು. ಆದರೆ ಒಡಹುಟ್ಟಿದವರು ಚೆನ್ನೆ ಆಡಿದರೆ ಜಗಳವಾಗುತ್ತದೆಂದು ಅಮ್ಮ ನನಗೂ ಅಕ್ಕನಿಗೂ ಮಣೆ ಮುಟ್ಟಲು ಬಿಡುತ್ತಿರಲಿಲ್ಲ.

ನಮ್ಮ ಸಪ್ಪೆ ಮುಖ ನೋಡಿ ಅಪ್ಪ ಜಗಲಿಯ ಸೆಗಣಿ ಸಾರಿಸಿದ ನೆಲದ ಮೇಲೆ ಮಸಿಯಿಂದ ಸಾಲಿಗೆ ಮೂರರಂತೆ ಮೂರು ಸಾಲು, ಒಂಬತ್ತು ಚೌಕದ ಮನೆ ಗೀಚಿದರು. ಮನೆಗೊಂದರಂತೆ ಇಡಲು ಚೆನ್ನೆಯ ಕೆಂಪು ಮಂಜೊಟ್ಟಿ ಬೀಜ, ಹುಣಸೆಬೀಜ, ಬಿಳಿ ಕಲ್ಲು, ಮೂರು ಮೂರು. ಅಡ್ಡಸಾಲಿನಲ್ಲಾಗಲಿ ಉದ್ದಸಾಲಿನಲ್ಲಾಗಲಿ ಒಂದೇ ಜಾತಿ ಎರಡು ಸಲ ಬರಬಾರದು.

"ಎಷ್ಟು ಬಗೆಯಲ್ಲಿ ಇಡಬಹುದು? ಸರಿಯಾಗಿ ಹೇಳಿದವರನ್ನು ಮೂಡುಬಿದಿರೆಗೆ ಕರ್ಕೊಂಡು ಹೋಗ್ತೇನೆ" ಎಂದರು ಅಪ್ಪ.

ನಾನು ಅದುವರೆಗೆ ಬಸ್ಸು ಹತ್ತಿದವನೇ ಅಲ್ಲ. ಇಟ್ಟೆವು, ತೆಗೆದೆವು, ಇಟ್ಟದ್ದನ್ನೇ ಮತ್ತೆ ಇಟ್ಟೆವು. ಕೈಯೆಲ್ಲ ಮಸಿ. ಸಂಜೆ ನನಗೆ ಫಕ್ಕನೆ ಹೊಳೆಯಿತು: ಮೇಲಿನ ಸಾಲನ್ನು ಅಲುಗಿಸದೆ ಇಟ್ಟರೆ ಕೆಳಗೆ ತುಂಬಲು ಎರಡೇ ದಾರಿ! ಮೇಲಿನ ಸಾಲಿಗೆ ಆರು ಬಗೆ. ಒಟ್ಟು ಹನ್ನೆರಡು. ಅಕ್ಕನ ಕಿವಿಯಲ್ಲಿ ಹೇಳಿದೆ. ಅವಳ ತಲೆಯ ತೆಂಗಿನೆಣ್ಣೆಯ ವಾಸನೆ ಇನ್ನೂ ಮೂಗಿನಲ್ಲಿದೆ.

"ನಾಳೆ ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಹೇಳುವ, ಆಯ್ತಾ?" ಎಂದಳು. ಆಯ್ತು ಎಂದೆ.

ಬೆಳಿಗ್ಗೆ ಎದ್ದು ಬಂದರೆ ಅಕ್ಕ ಹಬ್ಬದ ಲಂಗ ಉಟ್ಟು, ರಿಬ್ಬನ್ ಕಟ್ಟಿಕೊಂಡು ಅಂಗಳದಲ್ಲಿ ನಿಂತಿದ್ದಳು. ಅಪ್ಪನ ಕೈಯಲ್ಲಿ ಕೊಡೆ. "ಹನ್ನೆರಡು ನಾನು ಕಂಡುಹಿಡಿದದ್ದು!" ಎಂದು ಕೂಗಿದೆ.

ಅಪ್ಪ ಅಕ್ಕನ ಮುಖ ನೋಡಿದರು. ಅವಳು ನನ್ನತ್ತ ತಿರುಗಲೂ ಇಲ್ಲ. "ಅವನಿಗೆಲ್ಲಿ ಬರ್ತದೆ ಅಪ್ಪ? ನಾನು ಹೇಳಿದ್ದು ಕೇಳಿ ಈಗ ಹೇಳ್ತಾನೆ."

ಅಪ್ಪ ನಕ್ಕುಬಿಟ್ಟರು. ಇಬ್ಬರೂ ಬಸ್ಸಿಗೆ ಹೋದರು. ನಾನು ಆ ಒಂಬತ್ತು ಮನೆಗಳನ್ನು ಅಂಗೈಯಿಂದ ಉಜ್ಜಿ ಅಳಿಸಿದೆ. ಸಂಜೆ ಅವಳು ತಂದ ಪೆಪ್ಪರಮಿಂಟನ್ನು ಮುಟ್ಟಲಿಲ್ಲ. ಮೂಡುಬಿದಿರೆ ತಪ್ಪಿದ್ದಕ್ಕಿಂತ ಆ ಮಾತೇ ಹೆಚ್ಚು ಉರಿಯಿತು.

ಮಕ್ಕಳೇ, ನೀವು ಈಗ ಫೋನಿನಲ್ಲಿ ಅಂಥದ್ದೇ ಮನೆಗಳಿಗೆ ಅಂಕಿ ತುಂಬುತ್ತೀರಿ. ಬಿಡಿಸಿದವರ ಹೆಸರು ತಾನಾಗಿ ಮೇಲೆ ಬರುತ್ತದೆ. ನಮ್ಮ ಜಗಲಿಯಲ್ಲಿ ಹಾಗೆ ಬರುತ್ತಿರಲಿಲ್ಲ. ಮೊನ್ನೆ ಅಕ್ಕ ಬಂದವಳು ನಿಮ್ಮ ಆಟ ನೋಡಿ, "ಇದರ ಗುಟ್ಟು ನಾನು ಚಿಕ್ಕಂದಿನಲ್ಲೇ ಕಂಡುಹಿಡಿದಿದ್ದೆ ಮಕ್ಕಳೇ" ಎಂದಳಲ್ಲ. ನೀವೆಲ್ಲ "ಹೌದಾ ಅಜ್ಜಿ!" ಎಂದು ಅವಳನ್ನು ಮುತ್ತಿಕೊಂಡಿರಿ. ನಾನು ಅಲ್ಲೇ ಕುರ್ಚಿಯಲ್ಲಿದ್ದೆ. ಒಬ್ಬರೂ ನನ್ನನ್ನು ಕೇಳಲಿಲ್ಲ.