ಬಾಯಾಗ ಮನಿ, ಪಾಟ್ಯಾಗ ಮನೆ

ನಮ್ಮವ್ವ ಬಾದಾಮಿ ಕಡೆಯ ಒಂದು ಹಳ್ಳಿಯಲ್ಲಿ ಸರಕಾರಿ ಶಾಲೆಯ ಶಿಕ್ಷಕಿಯಾಗಿದ್ದಳು. ನೌಕರಿಯುದ್ದಕ್ಕೂ ಒಂದನೆಯ ತರಗತಿಯನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಹೊಸದಾಗಿ ಬಂದ ಹೆಡ್‌ಮಾಸ್ತರರೆಲ್ಲ, "ಈ ವರ್ಷ ನಾಲ್ಕನೇತ್ತೆ ತಗೋರಿ ಅಕ್ಕೋರ" ಎಂದು ಹೇಳಿ ನೋಡುತ್ತಿದ್ದರು. "ನಾಲ್ಕನೇತ್ತೆ ಹುಡುಗ್ರಿಗೆ ಎಲ್ಲಾ ತಿಳಿದಿರ್ತೈತ್ರಿ ಸರ. ಅವ್ರಿಗೆ ನಾ ಏನ್ ಕಲಿಸ್ಲಿ?" ಎನ್ನುತ್ತಿದ್ದಳು.

ಒಂದನೆಯ ತರಗತಿಗೆ ಬರುವ ಮಕ್ಕಳಿಗೆ ಪುಸ್ತಕದ ಕನ್ನಡವೇ ಪರಭಾಷೆ. ಪುಸ್ತಕದಲ್ಲಿ 'ಮನೆ' ಎಂದಿದ್ದರೆ ಅವು 'ಮನಿ' ಎಂದೇ ಓದುತ್ತವೆ. ಅವ್ವ ಬೈಯುತ್ತಿರಲಿಲ್ಲ. "ಬಾಯಾಗ ಮನಿ, ಪಾಟ್ಯಾಗ ಮನೆ. ಎರಡೂ ನಮ್ಮವ" ಎಂದು ಸ್ಲೇಟು ತೋರಿಸಿ ಹೇಳಿಕೊಡುತ್ತಿದ್ದಳು. ಪುಸ್ತಕದ ಸಾಲನ್ನು ಓದಿ, ಅದು ಆರುವುದರೊಳಗೆ ಮಕ್ಕಳ ಮಾತಿಗೆ ಇಳಿಸುವುದು ಅವಳಿಗೆ ಉಸಿರಾಡಿದಷ್ಟೇ ರೂಢಿಯಾಗಿತ್ತು. ಮನೆಯಲ್ಲೂ ಬಿಡುತ್ತಿರಲಿಲ್ಲ. ಟಿವಿಯವರು, "ಉತ್ತರ ಒಳನಾಡಿನಲ್ಲಿ ವ್ಯಾಪಕ ಮಳೆಯಾಗುವ ಸಂಭವವಿದೆ" ಎಂದರೆ, ಅವ್ವ ನನ್ನ ಕಡೆ ತಿರುಗಿ, "ಹಗ್ಗದ ಮ್ಯಾಲಿನ ಅರಿವಿ ಒಳಗ ತಗೊಂಡ ಬಾ ಅನ್ನಾಕತ್ತಾರ" ಎನ್ನುತ್ತಿದ್ದಳು.

ನಮ್ಮ ಮನೆಯಿದ್ದದ್ದು ಗುಳೇದಗುಡ್ಡದಲ್ಲಿ. ಭಾನುವಾರದ ಚರ್ಚನ್ನು ಅವ್ವ ತಪ್ಪಿಸಿದವಳಲ್ಲ. ಜ್ವರ ಬಂದರೂ ಹೋಗಿ, ಅಲ್ಲೇ ಬೆವತು, ಜ್ವರ ಬಿಡಿಸಿಕೊಂಡು ಬರುತ್ತಿದ್ದಳು. ಹೆಂಗಸರ ಕಡೆಯ ಎರಡನೇ ಬೆಂಚು ಅವಳದು. ಪಕ್ಕದಲ್ಲಿ ನಮ್ಮ ಓಣಿಯ ಒಬ್ಬ ನೇಕಾರ ಮುದುಕಿ ಕೂಡುತ್ತಿದ್ದಳು. ಓಣಿಗೆಲ್ಲ ಅವಳು ದೊಡ್ಡವ್ವ. ವಯಸ್ಸೆಲ್ಲ ಮಗ್ಗದ ಸದ್ದಿನಲ್ಲೇ ಕಳೆದದ್ದರಿಂದ ಅವಳ ಕಿವಿ ತುಸು ಮಂದ, ಮಾತು ಮಾತ್ರ ಜೋರು.

ನಾನು ಡಿಗ್ರಿ ಓದುತ್ತಿದ್ದಾಗ ನಮ್ಮ ಚರ್ಚಿಗೆ ಕರಾವಳಿಯಿಂದ ಹೊಸ ಪಾಸ್ಟರು ಬಂದರು. ಇನ್ನೂ ಹುಡುಗ ವಯಸ್ಸು, ಕನ್ನಡಕ, ಬಹಳ ಸಭ್ಯ ಮನುಷ್ಯ. ಅವರ ಕನ್ನಡ ಇಸ್ತ್ರಿ ಮಾಡಿ ಮಡಚಿಟ್ಟ ಅಂಗಿಯ ಹಾಗಿತ್ತು. ಅದೂ ಅಲ್ಲದೆ ಅವರ ಪ್ರಸಂಗದಲ್ಲಿ, ಅಂದರೆ ಭಾನುವಾರದ ಉಪದೇಶದಲ್ಲಿ, ಯಾವಾಗಲೂ ಸಮುದ್ರ ಬರುತ್ತಿತ್ತು. ಬೇಸಿಗೆಯಲ್ಲಿ ಮಲಪ್ರಭೆಯ ಮರಳನ್ನು ನೋಡುವ ನಮ್ಮ ಜನಕ್ಕೆ ಅವರು ವಾರವಾರವೂ ಅಲೆ, ಬಲೆ, ದೋಣಿಗಳ ಬಗ್ಗೆ ಹೇಳಿದರು.

"ನಿರೀಕ್ಷೆಯೆಂಬುದು ಬಿರುಗಾಳಿಯಲ್ಲಿಯೂ ವಿಚಲಿತವಾಗದ ಲಂಗರು" ಎಂದರು ಒಂದು ಭಾನುವಾರ.

ದೊಡ್ಡವ್ವ ಅವ್ವನ ಪಕ್ಕೆಗೆ ತಿವಿದಳು. "ಲಂಗರಂದ್ರ ಏನ್ರಿ ಅಕ್ಕೋರ?"

"ದನಕ್ಕ ಗೂಟ ಇರ್ತೈತಲ್ಲ, ಹಂಗ ದೋಣಿಗೆ."

"ಯಾಕ, ದೋಣಿ ಮೇಯಾಕ ಹೊಕ್ಕೈತೇನು?"

ಆರಂಭವಾದದ್ದು ಹೀಗೆ. ಅವ್ವ ಪಿಸುಮಾತಿನಲ್ಲಿ ಹೇಳುತ್ತೇನೆ ಎಂದುಕೊಂಡಿದ್ದಳು. ಆದರೆ ಕೊನೆಯ ಸಾಲಿನ ಮಗುವಿಗೂ ಮುಟ್ಟುವಂತೆ ಪಳಗಿದ ದನಿ ಅದು. ಎರಡು ವಾರ ಕಳೆಯುವಷ್ಟರಲ್ಲಿ ಹಿಂದಿನ ಬೆಂಚಿನವರು ಮುಂದಕ್ಕೆ ಬಾಗತೊಡಗಿದರು. ಆಮೇಲೆ ಜನ ಜಾಗವನ್ನೇ ಬದಲಾಯಿಸಿದರು. ಹೆಂಗಸರೆಲ್ಲ ಅವ್ವನ ಸುತ್ತ ಒತ್ತಿಕೊಂಡು ಕೂತರೆ, ಗಂಡಸರು ನಡುದಾರಿಯ ಅಂಚಿನ ಜಾಗಕ್ಕಾಗಿ ಬೇಗ ಬರತೊಡಗಿದರು. ಪಾಪ, ಪಾಸ್ಟರು ತಮ್ಮ ಪ್ರಸಂಗಕ್ಕೆ ಜನ ಒಲಿದಿದ್ದಾರೆಂದು ಭಾವಿಸಿ ಅದನ್ನು ಇನ್ನಷ್ಟು ಉದ್ದ ಮಾಡಿದರು.

ನನಗೆ ತಲೆ ಎತ್ತಲಾಗುತ್ತಿರಲಿಲ್ಲ. ಮನೆಗೆ ಬಂದು, "ಅವ್ವಾ, ಬರೋ ವಾರದಿಂದ ಸುಮ್ನ ಕುಂದ್ರು. ನನ್ನ ಗೆಳತ್ಯಾರೆಲ್ಲ ನಗ್ತಾರ" ಎಂದೆ.

"ತಿಳೀಲಾರ್ದವ್ರು ಕೇಳಿದ್ರ ಹೇಳಬಾರ್ದೇನು? ನಿನಗ ಹೇಳದ ಇದ್ದಿದ್ರ ನೀ ಇಲ್ಲಿತನಕ ಬರ್ತಿದ್ದೇನು?" ಎಂದು ಅವ್ವ ರೊಟ್ಟಿ ಬಡಿಯಲು ಕೂತಳು. ಆ ಬಡಿತದ ಮುಂದೆ ಮಾತು ನಡೆಯುತ್ತಿರಲಿಲ್ಲ.

ಮುಂದಿನ ಭಾನುವಾರ ಪಾಸ್ಟರು ತಾವೇ ಕಟ್ಟಿದ ಒಂದು ಕಥೆ ಹೇಳಿದರು. ಮೀನುಗಾರನೊಬ್ಬನ ಮಗ ತಂದೆಯ ಮಾತು ಮೀರಿ ಬಿರುಗಾಳಿಯಲ್ಲಿ ದೋಣಿ ಇಳಿಸುತ್ತಾನೆ. ತಂದೆ ಕಂದೀಲು ಹಿಡಿದು ದಡದಲ್ಲಿ ಕಾಯುತ್ತಾನೆ. ಅವ್ವ ಸಾಲುಸಾಲಾಗಿ ನಮ್ಮ ಮಾತಿಗೆ ಇಳಿಸುತ್ತಿದ್ದಳು. ಎಲ್ಲರ ಕಣ್ಣೂ ತುಂಬಿ ಬರುವ ಹೊತ್ತಿಗೆ ದೊಡ್ಡವ್ವ ಕೇಳಿದಳು: "ಅವರವ್ವ ಎಲ್ಲಿದ್ಲು?"

ಗೊತ್ತಿಲ್ಲದ್ದನ್ನು ಕೇಳಿ ತಿಳಿಯಬೇಕೆಂದು ಮಕ್ಕಳಿಗೆ ಕಲಿಸಿದ ಅವ್ವ ಕೈ ಎತ್ತಿ ಎದ್ದು ನಿಂತಳು. "ಪಾಸ್ಟರ್ ಸರ, ಆ ಹುಡುಗನ ತಾಯಿ ಎಲ್ಲಿದ್ಲು ಅಂತ ಕೇಳಾಕತ್ತಾರ್ರಿ."

ಪಾಸ್ಟರು ತಡವರಿಸಿದರು. "ಆಕೆ... ಆಕೆ ಮನೆಯಲ್ಲಿ ಪ್ರಾರ್ಥಿಸುತ್ತಿದ್ದಳು."

"ಸುಳ್ಳ!" ಎಂದಳು ದೊಡ್ಡವ್ವ. "ಹಡದಾಕಿ ಮನ್ಯಾಗ ಕುಂದರ್ತಾಳೇನು? ದಂಡಿಗೆ ಗಂಡನ್ಕಿಂತ ಮುಂದ ಹೋಗಿರ್ತಾಳ!"

ಇಡೀ ಚರ್ಚು ನಕ್ಕಿತು. ಪಾಸ್ಟರ ಕಿವಿ ಕೆಂಪಾದವು. ಅಂದು ಕೊನೆಯ ಹಾಡನ್ನು ಅವರು ಗಡಿಬಿಡಿಯಲ್ಲಿ ಮುಗಿಸಿದರು.

ಸಂಜೆ ಅವರು ನಮ್ಮ ಮನೆಗೆ ಬಂದಾಗ, ಜಗಳಕ್ಕೇ ಬಂದರೆಂದು ನಾನು ಅಡುಗೆಮನೆ ಸೇರಿದೆ. ಅವ್ವ ಚಹಾ, ಚುರುಮರಿ ತಂದಿಟ್ಟಳು. ಅವರು ಚಹಾದ ಬಟ್ಟಲು ಕೆಳಗಿಟ್ಟು ಕೇಳಿದರು: "ಟೀಚರ್, ನಾನು ಮಾತಾಡುವುದು ಯಾರಿಗೂ ಅರ್ಥ ಆಗುವುದಿಲ್ಲವಾ?"

"ಅರ್ಥ ಆಗ್ತೈತ್ರಿ. ಎದಿಗೆ ಮುಟ್ಟಂಗಿಲ್ಲ."

"ಹಾಗಾದರೆ ನನಗೆ ನಿಮ್ಮ ಮಾತು ಕಲಿಸಿ."

ಅವ್ವನ ಮುಖ ಅಷ್ಟು ಅರಳಿದ್ದನ್ನು ನಾನು ಕಂಡಿರಲಿಲ್ಲ. ಮರುದಿನದಿಂದಲೇ ನಮ್ಮ ಪಡಸಾಲೆಯಲ್ಲಿ ಪಾಠ ಶುರುವಾಯಿತು. ದೇವರ ಸೇವಕರೆಂದು ರಿಯಾಯಿತಿ ಇರಲಿಲ್ಲ. 'ಹೋಗ್ತೇನಿ, ಬರ್ತೇನಿ' ಬಾಯಿಪಾಠವಾಗದೆ ಚಹಾ ಸಿಗುತ್ತಿರಲಿಲ್ಲ. ಪಾಸ್ಟರಿಗೆ ಎಲ್ಲಕ್ಕಿಂತ ಹಿಡಿಸಿದ್ದು 'ರೀ'. ಗೌರವ ತೋರಿಸಲು ಇಷ್ಟು ಸುಲಭದ ದಾರಿ ಇದೆಯೇ ಎಂದು ಅಚ್ಚರಿಪಟ್ಟು, ಕಂಡಕಂಡದ್ದಕ್ಕೆಲ್ಲ ಹಚ್ಚತೊಡಗಿದರು. ನಮ್ಮ ಬೆಕ್ಕಿಗೂ "ಬರ್ರಿ" ಎಂದರು.

ತಿಂಗಳ ನಂತರ ನಮ್ಮ ಮಾತಿನಲ್ಲೇ ಪ್ರಸಂಗ ಮಾಡುವುದಾಗಿ ಸಾರಿದರು. ಅಂದಿನ ವಿಷಯ ಆಸೆಗೆ ಬೀಳಬಾರದು ಎಂಬುದು. ಚೆನ್ನಾಗಿಯೇ ಸಾಗಿತ್ತು. ಅವ್ವ ಪರೀಕ್ಷೆ ಬರೆಯುವ ಮಗುವಿನ ತಾಯಿಯಂತೆ ಸೆರಗಿನ ತುದಿ ಹಿಂಡುತ್ತ ಕೂತಿದ್ದಳು. ಕಡೆಗೆ ಪಾಸ್ಟರು ಕೈ ಚಾಚಿ, ಗಂಭೀರವಾಗಿ ಹೇಳಿದರು: "ಸೈತಾನರ, ಹಿಂದಕ್ಕ ಸರೀರಿ! ನಿಮ್ಮ ಮಾತು ನಾ ಕೇಳಂಗಿಲ್ರಿ!"

ಬೀಗರಿಗೆ ಜಾಗ ಮಾಡಿಕೊಡುವಂತಿತ್ತು. ಜನ ಬಾಯಿಗೆ ಸೆರಗು, ಹೆಗಲ ವಸ್ತ್ರ ಒತ್ತಿಕೊಂಡರು. ಅವ್ವನಿಗೆ ತಡೆಯಲಾಗಲಿಲ್ಲ. ಎದ್ದು ನಿಂತು, "ಪಾಸ್ಟರ್ ಸರ, ಅವಂಗ ರೀ ಬ್ಯಾಡ್ರಿ! ಲೇ ಅನ್ರಿ!" ಎಂದಳು.

ಪಾಸ್ಟರು ಕನ್ನಡಕ ಸರಿಮಾಡಿಕೊಂಡು, ಎದೆ ತುಂಬ ಉಸಿರೆಳೆದು, ಗುಡುಗಿದರು: "ಲೇ ಸೈತಾನಾ! ನಡಿಯಲೇ ಹೊರಗ!"

ಆಗಷ್ಟೇ ತಡವಾಗಿ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಒಬ್ಬ ಹಿರಿಯರು, ಮತ್ತೆ ಚಪ್ಪಲಿ ಮೆಟ್ಟಿ ಹೊರಗೆ ಹೋಗಿಬಿಟ್ಟರು. ಅವರನ್ನು ಕರೆತರಲು ಇಬ್ಬರು ಓಡಬೇಕಾಯಿತು.

ಆರಾಧನೆ ಮುಗಿದ ಮೇಲೆ ಎಲ್ಲರೂ ಪಾಸ್ಟರ ಕೈ ಕುಲುಕಿದರು. ದೊಡ್ಡವ್ವ ಮಾತ್ರ ಮುಖ ಗಂಟಿಕ್ಕಿದ್ದಳು. "ಎಲ್ಲಾ ತಿಳೀತಪಾ. ಆದ್ರ ಇದು ಪ್ರಸಂಗೋ, ನೀರಿನ ನಳದ ಮುಂದಿನ ಮಾತೋ? ದೇವರ ಮಾತು ಒಂಚೂರು ತಿಳೀಲಾರ್ದಂಗ ಇರಬೇಕು" ಎಂದು ತೀರ್ಪಿತ್ತಳು. ಪಾಸ್ಟರು ಅದನ್ನೂ ಮನಸ್ಸಿಗೆ ಹಾಕಿಕೊಂಡರು. ಪ್ರಾರ್ಥನೆಯೆಲ್ಲ ಪುಸ್ತಕದ ಕನ್ನಡದಲ್ಲಿ, ಕಥೆ ನಮ್ಮ ಮಾತಿನಲ್ಲಿ ಎಂದಾಯಿತು.

ಇದರಿಂದ ನಿಜಕ್ಕೂ ನಷ್ಟವಾದದ್ದು ಅವ್ವನಿಗೆ. ಪಕ್ಕೆಗೆ ತಿವಿಯುವವರಿಲ್ಲದೆ ಅವಳು ಬೆಂಚಿನಲ್ಲಿ ಸುಮ್ಮನೆ ಕೂತಿರುತ್ತಿದ್ದಳು. ನಾನು ಕೇಳಿದ್ದೂ ಅದನ್ನೇ. ಆದರೂ ನಾನು ಪ್ರಸಂಗ ಬಿಟ್ಟು ಹಿಂದಿನಿಂದ ಅವ್ವನನ್ನೇ ನೋಡುತ್ತಿದ್ದೆ. ಪಾಸ್ಟರೂ ಗಮನಿಸಿರಬೇಕು. ಒಂದು ವಾರ ಅವರೇ ಬಂದು, "ಟೀಚರ್, ಈ ಭಾನುವಾರದ ಬೈಬಲ್ ವಾಕ್ಯ ನೀವು ಓದ್ರಿ" ಎಂದರು.

ಅವ್ವ ಹೊಸ ಇಳಕಲ್ಲ ಸೀರೆಯುಟ್ಟು ಮೈಕಿನ ಮುಂದೆ ನಿಂತಳು. ಒಂದು ಸಾಲು ಓದಿದಳು. ಒಂದನೆಯ ತರಗತಿಯಲ್ಲಿ ಮಾಡುವ ಹಾಗೆ ನಿಲ್ಲಿಸಿ, ಕತ್ತೆತ್ತಿ ಎಲ್ಲರನ್ನೂ ನೋಡಿದಳು. ಮುಂದೆ ಚಾಪೆಯ ಮೇಲೆ ಕೂತಿದ್ದ ಮಕ್ಕಳು ತಕ್ಷಣ ಆ ಸಾಲನ್ನು ಹೇಳಿದರು. ಎರಡನೇ ಸಾಲಿಗೆ ಹೆಂಗಸರು ಸೇರಿದರು, ಮೂರನೆಯದಕ್ಕೆ ಗಂಡಸರು. ಅರ್ಧ ಸಾಲು ಹಿಂದೆ ಬಿದ್ದರೂ ಎಲ್ಲರಿಗಿಂತ ಜೋರಾಗಿ ದೊಡ್ಡವ್ವ. ಪಾಸ್ಟರೂ ಕೈಕಟ್ಟಿ ನಿಂತು ಹೇಳುತ್ತಿದ್ದರು. ಓದುವುದೇ ಅಷ್ಟು ಹೊತ್ತು ಹಿಡಿದದ್ದರಿಂದ ಅಂದು ಪ್ರಸಂಗ ಬೇಗ ಮುಗಿಯಿತು. ಅದರ ಬಗ್ಗೆ ಯಾರೂ ದೂರಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಅವ್ವ ಏನೋ ಯೋಚಿಸುತ್ತಿದ್ದಳು. "ಹಿಂದಿನ ಬೆಂಚಿನ ನಾಲ್ಕು ಮಂದಿ ಬಾಯೇ ತಗೀಲಿಲ್ಲ, ನೋಡಿದ್ಯೇನು?" ಎಂದಳು. "ಮುಂದಿನ ವಾರ ಅವ್ರನ್ನ ಮುಂದ ಕುಂದರಸ್ತೇನಿ."