ಎರಡು ವಿಮಾನಗಳ ನಡುವೆ ಅಮ್ಮ

ಸೆಮಿನಾರಿಗೆಂದು ಪುಣೆಯಿಂದ ತಿರುವನಂತಪುರಕ್ಕೆ ಹೋಗಲು ಬೇರೆ ದಾರಿಗಳಿದ್ದವು. ನಾನು ಬೇಕೆಂದೇ ಬೆಂಗಳೂರಿನಲ್ಲಿ ಐದು ಗಂಟೆ ಕಾಯಬೇಕಾದ ಟಿಕೆಟ್ ತೆಗೆದುಕೊಂಡೆ. ವಿಮಾನ ನಿಲ್ದಾಣದಿಂದ ಶಿಡ್ಲಘಟ್ಟದ ಪಕ್ಕದ ನಮ್ಮ ಊರಿಗೆ ಕಾರಿನಲ್ಲಿ ಒಂದು ಗಂಟೆ. ಹೋಗಿ ಬರಲು ಎರಡು, ಮತ್ತೆ ತಪಾಸಣೆ ದಾಟಿ ಒಳಗೆ ಹೋಗಲು ಒಂದೂವರೆ. ಉಳಿಯುವುದು ಒಂದೂವರೆ ಗಂಟೆ. ಸಾಕಿತ್ತು. ಹೇಳಬೇಕಾಗಿದ್ದದ್ದು ನಾಲ್ಕೇ ವಾಕ್ಯ.

ಮುಂದಿನ ವಾರ ಪುಣೆಯ ರಿಜಿಸ್ಟ್ರಾರ್ ಕಚೇರಿಯಲ್ಲಿ ನನ್ನ ಮದುವೆ. ಹುಡುಗ ನನ್ನ ಜೊತೆ ಪಿಎಚ್‌ಡಿ ಮಾಡಿದವನು. ಚಿಂತಾಮಣಿಯ ಮುಸ್ಲಿಂ ಮನೆತನದವನು. ನಾಲ್ಕನೆಯದು, ನೀನೊಬ್ಬಳು ಬಾ.

ಅವನ ತಂದೆ ರೇಷ್ಮೆ ನೂಲು ತೆಗೆಸುವ ರೀಲರ್. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ನಮ್ಮ ಅಣ್ಣ ಬೆಳೆದ ರೇಷ್ಮೆಗೂಡನ್ನು ಎಷ್ಟೋ ಸಲ ಅವರೇ ಕೊಂಡಿದ್ದಾರೆ. ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಟೀ ಕುಡಿಯುತ್ತಾರೆ. ಆ ಬೆಂಚು ಮನೆಯ ತನಕ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಅಣ್ಣನನ್ನು ಒಪ್ಪಿಸುವ ಆಸೆಯೇ ನನಗಿರಲಿಲ್ಲ. ಅಮ್ಮನೊಬ್ಬಳು ಬಂದರೆ ಸಾಕಿತ್ತು.

ಫೋನಿನಲ್ಲಿ ಹೇಳುವಂತಿರಲಿಲ್ಲ. ಅಮ್ಮನ ಕೈಯಲ್ಲಿ ಸದಾ ರೇಷ್ಮೆಹುಳಕ್ಕೆ ಹಾಕುವ ಸೊಪ್ಪು, ಹಾಗಾಗಿ ಫೋನು ಸದಾ ಸ್ಪೀಕರಿನಲ್ಲಿ. ನಾನು ಅರ್ಧ ಹೇಳುವುದರೊಳಗೆ ಅತ್ತಿಗೆ ಉತ್ತರ ಕೊಟ್ಟಿರುತ್ತಾರೆ. ಹಿಂದಿನ ದಿನ ಇಷ್ಟು ಮಾತ್ರ ಹೇಳಿದ್ದೆ: “ನಾಳೆ ಬಂದು ಹೋಗ್ತೀನಿ. ನಿನ್ ಹತ್ರ ಒಂದು ಮಾತಿದೆ.”

“ಹುಳ ಹಣ್ಣಾಗೋ ಹಂಗಿದೆ ಕಣಮ್ಮ,” ಎಂದಳು. ಆಮೇಲೆ, “ಬಾ,” ಎಂದಳು.

ವಿಮಾನ ಇಳಿದು ಹೊರಗೆ ಬರುವ ದಾರಿಯಲ್ಲಿ ಸುಗಂಧದ ಅಂಗಡಿಯ ಹುಡುಗಿಯೊಬ್ಬಳು ನಗುತ್ತಾ ಬಾಟಲಿ ಹಿಡಿದಳು. ಬೆಳಗಿನ ಜಾವದಿಂದ ಪ್ರಯಾಣದಲ್ಲಿದ್ದೆ, ಕೈ ಚಾಚಿದೆ. ಎರಡೂ ಮಣಿಕಟ್ಟಿಗೆ, ಕುತ್ತಿಗೆಗೆ ಸಿಂಪಡಿಸಿದಳು. ಕಾರಿನಲ್ಲಿ ಆ ವಾಸನೆ ನನಗೆ ಧೈರ್ಯ ಕೊಟ್ಟಿತೆಂದೇ ಹೇಳಬೇಕು.

ಮನೆಯ ಹಿಂದಿನ ಹುಳಮನೆಯಲ್ಲಿ ಎಲ್ಲರೂ ಇದ್ದರು. ಹಣ್ಣಾದ ಹುಳ, ಎಂದರೆ ಮೇವು ಬಿಟ್ಟು ಗೂಡು ಕಟ್ಟಲು ತಲೆ ಎತ್ತಿದ ಹುಳವನ್ನು, ಕೆಲವೇ ಗಂಟೆಗಳಲ್ಲಿ ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡಬೇಕು. ಪಕ್ಕದ ಮನೆಯ ಅಜ್ಜಿಯೂ ಕೈಹಾಕಿದ್ದರು. ನಾನು ಬಾಗಿಲಿನ ಸುಣ್ಣದ ಪುಡಿ ತುಳಿದು ಒಂದು ಹೆಜ್ಜೆ ಇಟ್ಟೆನಷ್ಟೆ.

“ನಿಂತ್ಕೋ ಅಲ್ಲೇ!” ಅಮ್ಮ ಕೂಗಿದಳು. “ಏನೇ ಅದು ಬಳ್ಕೊಂಡ್ ಬಂದಿರೋದು?”

ಆಗ ಹೊಳೆಯಿತು. ಹುಳಕ್ಕೆ ವಾಸನೆ ಆಗದು. ಬೆಳೆ ಇರುವಾಗ ನಮ್ಮ ಮನೆಯ ಹೆಂಗಸರು ಮಲ್ಲಿಗೆ ಕೂಡ ಮುಡಿಯುವುದಿಲ್ಲ. ಮಾತು ಕಲಿಯುವ ಮೊದಲೇ ಇದನ್ನು ಕಲಿತವಳು ನಾನು.

“ಪ್ಲೇನಲ್ಲಿ ಓಡಾಡೋರಿಗೆ ಹುಳದ ಯೋಚ್ನೆ ಎಲ್ಲಿರುತ್ತೆ ಬಿಡಿ ಅತ್ತೆ,” ಎಂದರು ಅತ್ತಿಗೆ.

ಪಕ್ಕದ ಮನೆಯ ಅಜ್ಜಿ ಮೂಗು ಅರಳಿಸಿದರು. “ಏಮ್ಮಾ, ಹಿಂಗೆ ಘಮಘಮ ಅಂತಿದ್ದೀಯಲ್ಲ, ಮದ್ವೆ ಇವತ್ತೇನಾ?”

ಎಲ್ಲರೂ ನಕ್ಕರು. ಅಣ್ಣ ಕೂಡ. ಅಮ್ಮ ನಗಲಿಲ್ಲ.

ಬಚ್ಚಲಿಗೆ ಹೋಗಿ ಬಟ್ಟೆ ಸೋಪಿನಿಂದ ಚರ್ಮ ಉರಿಯುವವರೆಗೂ ತಿಕ್ಕಿಕೊಂಡೆ. ಅತ್ತಿಗೆಯ ನೈಟಿ ಹಾಕಿಕೊಂಡು ಒದ್ದೆ ತಲೆಯಲ್ಲಿ ಬಂದಾಗ ಅರ್ಧ ಗಂಟೆ ಹೋಗಿತ್ತು. ಅತ್ತಿಗೆ ನನ್ನ ಕೈಯನ್ನೂ ಕುತ್ತಿಗೆಯನ್ನೂ ಮೂಸಿ ನೋಡಿದರು. “ಏನೂ ಇಲ್ಲ ಅತ್ತೆ. ಬರ್ಲಿ ಒಳಗೆ.”

“ಬೇಡ,” ಎಂದಳು ಅಮ್ಮ. “ಆಚೆನೇ ಇರ್ಲಿ.”

ನಾನು ಹುಳಮನೆಯನ್ನು ಸುತ್ತಿಕೊಂಡು ಅದರ ಹಿಂದಿನ ಕಿಟಕಿಗೆ ಹೋದೆ. ಊಜಿ ನೊಣ ಬಾರದಂತೆ ಅದಕ್ಕೆ ಬಲೆ ಹೊಡೆದಿತ್ತು. ತಟ್ಟೆಯಲ್ಲಿ ಹುಳ ಹಿಡಿದುಕೊಂಡೇ ಅಮ್ಮ ಬಂದು ನಿಂತಳು.

“ಎರಡು ನಿಮಿಷ ಹೊರಗೆ ಬಾಮ್ಮ.”

“ಹುಳ ಕಾಯಲ್ಲ ಕಣೇ.”

“ನನ್ ವಿಮಾನನೂ ಕಾಯಲ್ಲ.”

ಒಮ್ಮೆ ಹಿಂತಿರುಗಿ ನೋಡಿದಳು. ಅಣ್ಣ ಆ ಮೂಲೆಯಲ್ಲಿ ಚಂದ್ರಿಕೆ ಎತ್ತಿಡುತ್ತಿದ್ದ. ಅವಳ ದನಿ ತಗ್ಗಿತು. “ಚಿಂತಾಮಣಿ ವಿಷ್ಯ ತಾನೆ?”

ಯಾರು ಹೇಳಿದರೋ, ಎಷ್ಟು ದಿನದಿಂದ ಗೊತ್ತಿತ್ತೋ, ನಾನು ಕೇಳಲಿಲ್ಲ.

“ಹೇಳ್ಬೇಡ. ಕೇಳಿಸ್ಕೊಂಡ್ರೆ ನಾನೂ ಏನಾದ್ರೂ ಅನ್ಬೇಕಾಗುತ್ತೆ. ನಾಳೆ ನಿಮ್ಮಣ್ಣ ಬಂದು ಕೇಳ್ದಾಗ, ನಂಗೊತ್ತಿರಲಿಲ್ಲಪ್ಪ ಅನ್ನಕ್ಕಾದ್ರೂ ಬಿಡು.”

“ನೀನೊಬ್ಳು ಬಾಮ್ಮ ಅಷ್ಟೇ.”

ತಟ್ಟೆಯಲ್ಲಿದ್ದ ಒಂದು ಹುಳ ಅಂಚು ದಾಟಿ ಅವಳ ಬೆರಳಿಗೆ ಹತ್ತಿತ್ತು. ಅದನ್ನು ನಿಧಾನವಾಗಿ ಬಿಡಿಸಿದಳು. “ಉಪ್ಪುಸಾರು ಮಾಡಿದೀನಿ. ಉಂಡ್ಕೊಂಡ್ ಹೋಗು,” ಎಂದು ಒಳಕ್ಕೆ ತಿರುಗಿದಳು.

ನಾನು ಉಣ್ಣಲಿಲ್ಲ. ಸ್ವಂತ ಬಟ್ಟೆ ಹಾಕಿಕೊಂಡು ಕಾರು ಹತ್ತಿದೆ. ಲೆಕ್ಕ ಹಾಕಿದ್ದಕ್ಕಿಂತ ಮುಕ್ಕಾಲು ಗಂಟೆ ಮೊದಲೇ ವಿಮಾನ ನಿಲ್ದಾಣದ ಕುರ್ಚಿಯಲ್ಲಿದ್ದೆ. ಎದುರಿನ ಬೋರ್ಡು ಕಾಯುವವರಿಗಾಗಿ ಪಾದದ ಮಾಲೀಶು, ಮಸಾಲೆ ದೋಸೆ, ರೇಷ್ಮೆ ಸೀರೆಗಳನ್ನು ಸೂಚಿಸುತ್ತಿತ್ತು. ಮೊದಲು ಆ ಅಂಗಡಿಯ ಹುಡುಗಿಯ ಮೇಲೆ ಸಿಟ್ಟು ಬಂತು, ಆಮೇಲೆ ನನ್ನ ಮೇಲೆ. ಅವೆರಡೂ ಸುಲಭದ ಸಿಟ್ಟುಗಳು. ನಾನು ಘಮ್ಮೆನ್ನದೆ ಬಂದಿದ್ದರೆ ಅಮ್ಮ ಬೇರೆ ಏನನ್ನಾದರೂ ಹುಡುಕಬೇಕಾಗುತ್ತಿತ್ತು, ಅಷ್ಟೆ.

ಅವನ ಫೋನು ಬಂತು. “ಹೇಳಿದ್ಯಾ? ಏನಂದ್ರು?”

“ಹುಳ ಹಣ್ಣಾಗಿತ್ತು. ಮಾತಾಡಕ್ಕೆ ಆಗ್ಲಿಲ್ಲ.”

ರೀಲರ್ ಮನೆಯ ಮಗ, ತಕ್ಷಣ ನಂಬಿದ. “ಅಯ್ಯೋ ಹೌದಾ, ಹುಳ ಬಿಟ್ಟು ಹೆಂಗ್ ಬರ್ತಾರೆ ಪಾಪ. ನಾವೇ ಬೆಳೆ ಟೈಮ್ ನೋಡ್ಕೊಂಡು ದಿನ ಇಟ್ಕೋಬೇಕಿತ್ತು.”

ಮದುವೆಗೆ ಅವನ ತಾಯಿ ಬಂದರು, ಒಪ್ಪಿಯೇನಲ್ಲ, ಆದರೂ ಬಂದರು. ನನ್ನ ಕಡೆಯ ಸಾಕ್ಷಿಯಾಗಿ ಹಾಸ್ಟೆಲಿನ ಗೆಳತಿ ಸಹಿ ಹಾಕಿದಳು. ಕಚೇರಿಯ ಮೆಟ್ಟಿಲಿಳಿಯುವಾಗ ಅವನ ತಾಯಿ ನನ್ನ ಕೈ ಹಿಡಿದು, “ನಿಮ್ಮ ಅಮ್ಮಂಗೆ ಗೊತ್ತಿದ್ದಿದ್ರೆ ಬರ್ತಿದ್ರು ಅಲ್ವಾ ಬೇಟಿ?” ಎಂದರು.

“ಹೌದು, ಗೊತ್ತಿದ್ದಿದ್ರೆ ಬರ್ತಿದ್ರು,” ಎಂದೆ.