ಮೂರನೇ ಸಲದ ಕೋಡುಬಳೆ

ಮದುವೆಯಾದ ಹೊಸದರಲ್ಲಿ ಹೊಳೇನರಸೀಪುರದ ನೆಂಟರ ಮನೆಯೊಂದರಲ್ಲಿ, ಕೇಳಿದ ಮೊದಲ ಸಲಕ್ಕೇ ಎರಡನೇ ಹೋಳಿಗೆ ಹಾಕಿಸಿಕೊಂಡುಬಿಟ್ಟೆ. ಮನೆಗೆ ಬಂದಮೇಲೆ ನಮ್ಮತ್ತೆ, "ಕಾನ್ವೆಂಟ್ನಲ್ಲಿ ಇದೇ ಏನವ್ವ ಕಲ್ಸಿದ್ದು?" ಅಂದರು. ನಮ್ಮ ಕಡೆಯ ಎಟಿಕೆಟ್ಟೇ ಬೇರೆ. ಮೊದಲ ಸಲ ಬೇಡ ಅನ್ನಬೇಕು. ಎರಡನೇ ಸಲ ಎಲೆಗೆ ಕೈ ಅಡ್ಡ ಹಿಡಿಯಬೇಕು. ಮೂರನೇ ಸಲ, ಬಡಿಸುವವರು ಬೇಜಾರು ಮಾಡಿಕೊಂಡಾರು ಎಂಬಂತೆ ಮುಖ ಮಾಡಿ ಕೈ ಸರಿಸಬೇಕು. ಬಡಿಸುವವರು ಮೂರು ಸಲ ಕೇಳದೆ ಮುಂದಿನ ಎಲೆಗೆ ಹೋದರೋ, ಆ ಸುದ್ದಿ ಸಂಜೆಯೊಳಗೆ ಚನ್ನರಾಯಪಟ್ಟಣ ಮುಟ್ಟುತ್ತದೆ.

ಎರಡು ವರ್ಷದ ಹಿಂದೆ ತಂಗಿಯ ಮಗಳ ಬಾಣಂತನಕ್ಕೆಂದು ಹಾಸನದಿಂದ ಐರ್ಲೆಂಡಿಗೆ ಹೋದೆ. ತಂಗಿಗೆ ಮಂಡಿನೋವು; ನನಗೆ ಈ ವಯಸ್ಸಿನಲ್ಲೂ ಸೂಟ್‌ಕೇಸ್ ಕಂಡರೆ ಹುರುಪು. ಹುಡುಗಿ ನರ್ಸು. ಜರ್ಮನಿಯಲ್ಲಿ ಐದು ವರ್ಷವಿದ್ದು ಆಗಷ್ಟೇ ಅಲ್ಲಿಗೆ ಬಂದಿದ್ದಳು. ನಾನು ಹೋದ ದಿನವೇ ರೂಲ್ಸ್ ಹೇಳಿದಳು: "ದೊಡ್ಡಮ್ಮ, ಇಲ್ಲಿ ನಮ್ಮೂರಂಗಲ್ಲ ಕಣಮ್ಮ. ಒಂದ್ಸಲ ಕೇಳ್ತಾರೆ, ಅಷ್ಟೆಯ. ಬೇಕಾದ್ರೆ ಎಸ್ ಅನ್ನು, ಬ್ಯಾಡ್ದಿದ್ರೆ ನೋ ಅನ್ನು. ನೀನೂ ಯಾರ್ಗೂ ಬಲವಂತ ಮಾಡ್ಬ್ಯಾಡ, ರೂಡ್ ಅನ್ಕತಾರೆ."

ಬಾಣಂತಿಯೂ ಮಗುವೂ ಹಗಲೆಲ್ಲ ಮಲಗುವವರು. ಅವಳ ಗಂಡ ಕೆಲಸಕ್ಕೆ ಹೋದರೆ ಸಂಜೆಗೇ ಬರುವುದು. ಮಾತಿಲ್ಲದೆ ಮೂರು ತಿಂಗಳು ಹೇಗಪ್ಪಾ ಅಂದುಕೊಂಡಿರುವಾಗ ಸಾಂಬ್ರಾಣಿ ನನ್ನ ಕೈ ಹಿಡಿಯಿತು. ಮಗುವಿನ ತಲೆಗೆ ಹೊಗೆ ಹಾಕಿದ್ದೇ ತಡ, ಸ್ಮೋಕ್ ಅಲಾರಂ ಬಡಿದುಕೊಂಡು, ಪಕ್ಕದ ಮನೆಯಾಕೆ ಬಕೆಟ್ ನೀರು ಹಿಡಿದು ಓಡಿಬಂದಳು. ನನ್ನದೇ ವಯಸ್ಸಿನಾಕೆ. ವಿಷಯ ತಿಳಿದು ಬಕೆಟ್ಟನ್ನು ಅಲ್ಲೇ ಇಟ್ಟು ಹೊಟ್ಟೆ ಹಿಡಿದು ನಕ್ಕಳು. ಸಿಕ್ಕಳಲ್ಲ ಒಬ್ಬ ಫ್ರೆಂಡು ಅಂದುಕೊಂಡೆ.

ಮಾರನೇ ದಿನವೇ ಟೀಗೆ ಕರೆದಳು. ದ್ರಾಕ್ಷಿ ಹಾಕಿದ ಕೇಕ್ ಕೊಯ್ದು, ಇನ್ನೊಂದು ಪೀಸ್ ಎಂದಳು. ರೂಲ್ಸ್ ಪ್ರಕಾರ ಎಸ್ ಪ್ಲೀಸ್ ಎಂದೆ. ಮತ್ತೆ ಕೇಳಿದಳು, ಮತ್ತೆ ಎಸ್ ಎಂದೆ. ನಾಲ್ಕನೇ ಪೀಸಿಗೆ ಆಕೆಯ ಹುಬ್ಬು ಮೇಲೇರಿತು. ಆ ವಾರ ಆಕೆ ನಮ್ಮಲ್ಲಿಗೆ ಬಂದಾಗ, ಬಿಸಿ ಕೋಡುಬಳೆ ತಟ್ಟೆಯಲ್ಲಿ ಹಿಡಿದೆ. "ಆಹ್ ನೋ, ಐ ವೋಂಟ್," ಎಂದಳು. ಬಲವಂತ ಮಾಡಬಾರದಲ್ಲ, ಆಲ್‌ರೈಟ್ ಎಂದು ತಟ್ಟೆಯನ್ನು ಒಳಗೆ ಇಟ್ಟುಬಂದೆ. ಅಡುಗೆಮನೆಯವರೆಗೂ ಆಕೆಯ ಕಣ್ಣು ಆ ತಟ್ಟೆಯ ಹಿಂದೆಯೇ ಬಂದಿತ್ತು.

ಆಮೇಲೆ ಆಕೆ ಬರಲಿಲ್ಲ. ಬೇಲಿಯಾಚೆ ಕಂಡರೂ ಮಳೆ ಬರುವ ಹಾಗಿದೆ ಎಂದು ಹೇಳಿ ಒಳಗೆ ಹೋಗುತ್ತಿದ್ದಳು. ನನ್ನ ನಾಲ್ಕು ಪೀಸ್ ಕೇಕೇ ಕಾರಣವೆಂದು ಒಳಗೊಳಗೇ ಒದ್ದಾಡಿದೆ. ಹೊರಡಲು ಇನ್ನೂ ಎರಡು ತಿಂಗಳಿತ್ತು. ಇದ್ದ ಒಬ್ಬ ಫ್ರೆಂಡೂ ಹೋದಳೇ ಎಂದು ದಿನಕ್ಕೆ ಹತ್ತು ಸಲ ಕಿಟಕಿಗೆ ಹೋಗುತ್ತಿದ್ದೆ.

ಹಾಗೆ ನಿಂತಿದ್ದಾಗಲೇ ಒಂದು ಬೆಳಿಗ್ಗೆ ಪೋಸ್ಟ್‌ಮ್ಯಾನ್ ಆಕೆಯ ಬಾಗಿಲಿಗೆ ಬಂದ. ಆಕೆ ಒಳಗೆ ಬಾ ಎಂದು ಕೈ ಮಾಡಿದಳು. ಆತ ತಲೆಯಾಡಿಸಿದ. ಇನ್ನೊಮ್ಮೆ ಕರೆದಳು. ಕೈಯಲ್ಲಿದ್ದ ಕಾಗದದ ಕಟ್ಟು ತೋರಿಸಿ ಹಿಂದೆ ಸರಿದ. ಆಕೆ ಮೂರನೇ ಸಲ ತೋಳು ಹಿಡಿದಳು ನೋಡಿ, ಬೂಟು ಒರೆಸಿಕೊಂಡು ಒಳಗೆ ಹೋದ.

ನನಗೆ ಹಾಸನದ ಕಾನ್ವೆಂಟು ನೆನಪಾಯಿತು. ರಜೆ ಮುಗಿಸಿ ಹಾಸ್ಟೆಲ್ಲಿಗೆ ಬರುವಾಗ ಅಮ್ಮ ಅರಕಲಗೂಡಿನಿಂದ ಡಬ್ಬಿ ತುಂಬ ಕೋಡುಬಳೆ ಕೊಡುತ್ತಿದ್ದಳು. ಡಬ್ಬಿ ಹಿಡಿದರೆ ನಮ್ಮ ಸಿಸ್ಟರ್ ಒಬ್ಬರು ನೋ ಚೈಲ್ಡ್ ಅನ್ನುವರು, ಮತ್ತೂ ನೋ ಅನ್ನುವರು, ಮೂರನೇ ಸಲ "ಜಸ್ಟ್ ದ ಒನ್, ದೆನ್" ಎಂದು ಶುರುಮಾಡಿ ಅರ್ಧ ಡಬ್ಬಿ ಮುಗಿಸುವರು. ಅಮ್ಮನಿಗೆ ಇದನ್ನು ಹೇಳಿದರೆ ಎಲ್ಲಿಲ್ಲದ ಹೆಮ್ಮೆ: "ನಮ್ ನೀರು ಕುಡ್ದು ಕಲ್ತವ್ರೆ ಬುಡು." ಸಿಸ್ಟರ್ ಐರ್ಲೆಂಡಿನವರು. ಈ ಮೂರು ಸಲದ ಪದ್ಧತಿಯನ್ನು ಹಡಗು ಹತ್ತುವ ಮೊದಲೇ ತಮ್ಮೂರಲ್ಲಿ ಕಲಿತು ಬಂದಿದ್ದರೆಂದು ತಿಳಿಯಲು ನನಗೆ ಅರವತ್ತು ವರ್ಷ ಬೇಕಾಯಿತು. ಹೇಳೋಣವೆಂದರೆ ಅಮ್ಮನೂ ಇಲ್ಲ, ಸಿಸ್ಟರೂ ಇಲ್ಲ.

ಅವತ್ತೇ ಕೋಡುಬಳೆ ಕರಿದು ಪಕ್ಕದ ಮನೆಗೆ ಹೊರಟೆ. ನಮ್ಮ ಹುಡುಗಿ ಮಗುವನ್ನು ಎತ್ತಿಕೊಂಡೇ ಬಾಗಿಲಿಗೆ ಅಡ್ಡ ಬಂದು, "ಬಲವಂತ ಮಾಡ್ಬ್ಯಾಡ ಅಂದಿವ್ನಿ, ದೊಡ್ಡಮ್ಮ," ಎಂದಳು. ನಿನ್ನ ಜರ್ಮನಿಯನ್ನು ನೀನೇ ಇಟ್ಟುಕೋ ಎಂದೆ.

ಪಕ್ಕದ ಮನೆಯ ಟೀ ಮೇಜಿಗೆ ಕೂತು ಕೋಡುಬಳೆ ಹಿಡಿದೆ. ಆಕೆ ನೋ ಎಂದಳು. ಹಿಡಿದೇ ಇದ್ದೆ. ನೋ ನೋ ಎಂದು ಕೈ ಅಡ್ಡ ತಂದಳು. ಆ ಕೈಯ ಪಕ್ಕದಿಂದಲೇ ಎರಡು ಕೋಡುಬಳೆಯನ್ನು ಅವಳ ತಟ್ಟೆಗೆ ಜಾರಿಸಿದೆ. ಆಕೆ ನನ್ನ ಮುಖವನ್ನೇ ನೋಡಿದಳು. ಎಲ್ಲಿ ರೂಡ್ ಆಯಿತೋ ಎಂದುಕೊಂಡೆ.

"ಜಸ್ಟ್ ದ ಒನ್, ದೆನ್," ಎಂದಳು.

ಐದು ತಿಂದಳು. ಅವತ್ತು ಎಣ್ಣೆಯಲ್ಲಿ ಕರಿಯುವ ವಾಸನೆಗೇ ನಿಮ್ಮ ಮನೆಗೆ ಬಂದಿದ್ದೆ, ತಟ್ಟೆ ಒಳಗೆ ಹೋದಾಗ ನಾನು ಬಂದದ್ದೇ ನಿನಗಿಷ್ಟವಿಲ್ಲ ಅಂದುಕೊಂಡೆ ಎಂದು ಒಪ್ಪಿಕೊಂಡಳು. ಆಮೇಲೆ ಎದ್ದು ಕೇಕ್ ತಂದು ಚಾಕು ಹಿಡಿದಳು.

ನಾನು ತಟ್ಟೆಗೆ ಕೈ ಅಡ್ಡ ಇಟ್ಟು, ಹಾಯಾಗಿ, ನೋ ನೋ ಎಂದೆ.